ಮುಕ್ಕಾಲಿಯ ಮೇಲೆ ನಿಂತ ಕನ್ನಡನಾಡು

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದ ಕನ್ನಡಿಗನಿಲ್ಲ. ಹಂಪೆಗೆ ಹೋಗದವರೂ ಈಗಿನ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದನ್ನು ನೋಡಿಯೇ ಇರುತ್ತಾರೆ. ಆದರೆ ಆ ರಥದ ನೆತ್ತಿಯ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತೆಂಬುದು ಎಷ್ಟು ಜನಕ್ಕೆ ಗೊತ್ತು? ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಶಿಖರ ಹೋಯಿತು, ಚಿತ್ರ ಉಳಿಯಿತು.

ಆ ಚಿತ್ರ ಮೂಡಿದ ಬಗೆಯನ್ನು ಸ್ವಲ್ಪ ಯೋಚಿಸಬೇಕು. ಅಂದು ಫಿಲ್ಮು ಇರಲಿಲ್ಲ. ಮೇಣ ಸವರಿದ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಅದನ್ನು ದೊಡ್ಡ ಮರದ ಪೆಟ್ಟಿಗೆಯೊಳಗಿಟ್ಟು, ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕಿತ್ತು. ಅಷ್ಟು ಹೊತ್ತು ನಿಲ್ಲದ ಜನ, ದನ ಚಿತ್ರದಲ್ಲಿ ಮಾಯವಾಗುತ್ತಿದ್ದರು. ಪೆಟ್ಟಿಗೆಯೇ ಕೂದಲೆಳೆಯಷ್ಟು ಅಲುಗಿದರೆ ದೇವಾಲಯವೂ ಮಾಯ! ಆದ್ದರಿಂದ ಮಸೂರದಷ್ಟೇ ಮುಖ್ಯವಾದದ್ದು ಪೆಟ್ಟಿಗೆಯ ಕೆಳಗಿನ ಮುಕ್ಕಾಲಿ, ಎಂದರೆ ನಾವು ಟ್ರೈಪಾಡ್ ಅಥವಾ ಸ್ಟ್ಯಾಂಡು ಎನ್ನುವುದು. ಅದಕ್ಕಿಂತ ಮುಖ್ಯವಾದದ್ದು ಪೆಟ್ಟಿಗೆಯನ್ನೂ ಮುಕ್ಕಾಲಿಯನ್ನೂ ಬಿಗಿಯುವ ಬೆಸುಗೆ.

ಗ್ರೀನ್‌ಲಾಗಿಂತ ಒಂದು ವರ್ಷ ಮೊದಲೇ, 1855ರಲ್ಲಿ, ಮುಂಬಯಿ ಫಿರಂಗಿದಳದ ಥಾಮಸ್ ಬಿಗ್ಸ್ ಸರಕಾರದ ಅಪ್ಪಣೆಯ ಮೇರೆಗೆ ವಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಆತ ಸೈನ್ಯಕ್ಕೆ ಮರಳಿದಾಗ ವೈದ್ಯ ಪಿಗೂ ಕೆಲಸ ಮುಂದುವರಿಸಿದ. ಇವರೂ ಹಳೇಬೀಡಿನ ಚಿತ್ರಗಳನ್ನು ತೆಗೆದ ಡಾಕ್ಟರ್ ನೀಲ್‌ನೂ ಸೇರಿ ಕೂಡಿಹಾಕಿದ್ದೆಲ್ಲ 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಗ್ರಂಥಗಳಾಗಿ ಹೊರಬಂತು: ಒಂದು ವಿಜಾಪುರದ ಬಗೆಗೆ, ಇನ್ನೊಂದು ಧಾರವಾಡ ಮತ್ತು ಮೈಸೂರಿನ ಬಗೆಗೆ. ಇತಿಹಾಸ ಬರೆದವರು ಬೇರೆ ಯಾರೂ ಅಲ್ಲ, ಸುರಪುರದ ನಮ್ಮ ಮೆಡೋಸ್ ಟೇಲರ್ ಸಾಹೇಬರು.

ಈ ಕಥೆಯಲ್ಲಿ ಪುಣೆಗೇನು ಕೆಲಸ ಎಂದು ಕೇಳುವಿರಾದರೆ, ಬಹಳ ಕೆಲಸವಿದೆ. 1874ರಲ್ಲಿ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ತ್ವ ಸಮೀಕ್ಷೆಯನ್ನು ಆರಂಭಿಸಿದಾಗ ಮೊದಲ ವರ್ಷದ ತಿರುಗಾಟವೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ. ಆತನ ನಂತರ ಬಂದ ಹೆನ್ರಿ ಕಸಿನ್ಸ್‌ರ ಕಾಲದಲ್ಲಿ ಸಮೀಕ್ಷೆಯ ಕಛೇರಿ ಇದೇ ಪುಣೆಯಲ್ಲಿತ್ತು. ಇಲ್ಲಿಂದ ಹೊರಟ ತಂಡಗಳು ಗಾಜಿನ ಫಲಕಗಳನ್ನು ಹೊತ್ತು ಪಟ್ಟದಕಲ್ಲು, ಲಕ್ಕುಂಡಿ, ಗದಗುಗಳಿಗೆ ಹೋಗಿ ಬಂದವು. ಕಸಿನ್ಸ್‌ರ ವಿಜಾಪುರದ ಗ್ರಂಥ 1916ರಲ್ಲೂ, ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪದ ಗ್ರಂಥ 1926ರಲ್ಲೂ ಪ್ರಕಟವಾದವು. ಹೊಟ್ಟೆಪಾಡಿಗೆ ನಾವು ಇಲ್ಲಿಗೆ ಬಂದವರು. ನಮ್ಮ ಗುಡಿಗಳ ಚಿತ್ರಗಳು ನಮಗಿಂತ ಮೊದಲೇ ಬಂದು ಇಲ್ಲಿ ನೆಲೆಸಿದ್ದವು!

ಇನ್ನು ಆ ಬೆಸುಗೆಯ ವಿಷಯ. 1880ರ ದಶಕದ ನಂತರ ಬಂದ ಮರದ ಕ್ಯಾಮೆರಾಗಳ ತಳಹಲಗೆಯಲ್ಲಿ ಹಿತ್ತಾಳೆಯ ಬಳೆಯೊಂದನ್ನು ಕೂಡಿಸಿರುತ್ತಿದ್ದರು. ಮುಕ್ಕಾಲಿಯ ಮೂರು ಕಾಲುಗಳೂ ಆ ಬಳೆಗೇ ಸಿಕ್ಕಿಕೊಳ್ಳುತ್ತಿದ್ದವು. ಎತ್ತರದ ಗೋಪುರವನ್ನು ಉದ್ದುದ್ದ ಚಿತ್ರಿಸಬೇಕಾದರೆ ಕ್ಯಾಮೆರಾವನ್ನು ಹೊರಳಿಸುವ ಅಗತ್ಯವಿರಲಿಲ್ಲ. ಗಾಜು ಹಿಡಿಯುವ ಹಿಂಭಾಗವನ್ನಷ್ಟೇ ತಿರುಗಿಸಿದರೆ ಸಾಕು. ಭಾರವೆಲ್ಲ ಮೂರು ಕಾಲಿನ ನಡುವೆಯೇ ಉಳಿಯುತ್ತಿತ್ತು.

1925ರಲ್ಲಿ ಲೈಕಾ ಬಂದು ಸಣ್ಣ ಕ್ಯಾಮೆರಾಗಳ ಯುಗ ತೆರೆದ ಮೇಲೆ ಈ ಅನುಕೂಲ ತಪ್ಪಿತು. ಈಗ ಉಳಿದದ್ದು ಕ್ಯಾಮೆರಾದ ತಳದಲ್ಲಿ ಒಂದು ತೂತು, ಅದಕ್ಕೊಂದು ಕಾಲಂಗುಲದ ತಿರುಪು. ಅಂಗುಲಕ್ಕೆ ಇಪ್ಪತ್ತು ಸುತ್ತಿನ ಈ ತಿರುಪಿನ ಮೂಲ, ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ತಿರುಪುಗಳಿಗೆಲ್ಲ ಸೂಚಿಸಿದ ಅಳತೆಪಟ್ಟಿಯಲ್ಲಿದೆ. ಇಂದಿನ ಡಿಜಿಟಲ್ ಕ್ಯಾಮೆರಾಕ್ಕೂ ಅದೇ ಗತಿ, ಸುತ್ತಿನ ಕೋನವೊಂದು ಸ್ವಲ್ಪ ಬೇರೆ. ಸಣ್ಣ ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಲು ಮುಕ್ಕಾಲಿಯ ತಲೆಯನ್ನು ಪಕ್ಕಕ್ಕೆ ಬಾಗಿಸಬೇಕು. ಆಗ ಭಾರವೆಲ್ಲ ಒಂದು ಮಗ್ಗುಲಿಗೆ ವಾಲುತ್ತದೆ, ಒಂಟಿ ತಿರುಪಿನ ಸುತ್ತ ಕ್ಯಾಮೆರಾ ಮೆಲ್ಲನೆ ಜಾರುತ್ತದೆ. ಬಾದಾಮಿಯ ಗುಹೆಯ ಮಬ್ಬಿನಲ್ಲಿ ನಾಲ್ಕಾರು ಸೆಕೆಂಡು ಮಸೂರ ತೆರೆದಿಡುವವನಿಗೆ ಈ ಜಾರುವಿಕೆಯೇ ಶತ್ರು.

ಇದಕ್ಕೆ ಮದ್ದಾಗಿ ಬಂದದ್ದೇ ಇಂಗ್ಲಿಷಿನ ಎಲ್ ಅಕ್ಷರದಾಕಾರದ ಬ್ರ್ಯಾಕೆಟ್. ಇದರ ಒಂದು ತೋಳು ಕ್ಯಾಮೆರಾದ ತಳಕ್ಕೆ, ಇನ್ನೊಂದು ಮಗ್ಗುಲಿಗೆ. ಅಡ್ಡಚಿತ್ರಕ್ಕೆ ತಳದ ತೋಳನ್ನು, ಉದ್ದಚಿತ್ರಕ್ಕೆ ಮಗ್ಗುಲಿನ ತೋಳನ್ನು ಮುಕ್ಕಾಲಿಯ ಹಿಡಿಗೆ ಸಿಕ್ಕಿಸಿದರಾಯಿತು. ಭಾರ ಮತ್ತೆ ನಡುಮಧ್ಯಕ್ಕೆ ಬರುತ್ತದೆ. ಉದ್ದನೆಯ ಮಸೂರಗಳಿಗೆ ಹಾಕುವ ಬಳೆಯದೂ ಇದೇ ತತ್ತ್ವ. ಹೊಸದೆಂದು ಮಾರುವ ಈ ಸಾಮಾನು, ನೋಡಿದರೆ, ಹಳೆಯ ಹಿತ್ತಾಳೆ ಬಳೆಯ ಗುಣವನ್ನೇ ಬೇರೆ ದಾರಿಯಿಂದ ಮರಳಿ ತಂದದ್ದು. ಬೆಲೆ ಹೆಚ್ಚೆನಿಸಿದವರು ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ದಪ್ಪ ಅಲ್ಯುಮಿನಿಯಂ ಆಂಗಲ್ ಕೊಂಡು, ತೂತು ಕೊರೆಸಿ, ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ತಿರುಪಿನ ತುದಿ ಕ್ಯಾಮೆರಾದೊಳಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೋಗಕೂಡದು, ಹೋದರೆ ತಳವೇ ಒಡೆದೀತು.

1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಗ್ರೀನ್‌ಲಾನ ಚಿತ್ರಗಳನ್ನು ಮುಂದಿಟ್ಟುಕೊಂಡು, ಆತ ನಿಂತಿದ್ದ ಜಾಗಗಳನ್ನೇ ಹುಡುಕಿ ಹಂಪೆಯನ್ನು ಮತ್ತೆ ಚಿತ್ರಿಸಿದರು. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ 127 ವರುಷಗಳಲ್ಲಿ ಯಾವ ಕಂಬ ಬಿತ್ತು, ಯಾವುದು ಎದ್ದು ನಿಂತಿತು ಎಂಬ ಲೆಕ್ಕ ಸಿಗುವುದು. ಮೊದಲನೆಯವನ ಮುಕ್ಕಾಲಿ ಅಲುಗಿದ್ದರೆ ಈ ಹೋಲಿಕೆಗೆ ಆಧಾರವೇ ಇರುತ್ತಿರಲಿಲ್ಲ.

ರಜೆಯಲ್ಲಿ ಮಕ್ಕಳೊಡನೆ ಊರ ಕಡೆ ಹೋಗುವವರು ಸಂರಕ್ಷಿತವಲ್ಲದ ಸಣ್ಣ ಗುಡಿ, ಅಗಸೆ, ವೀರಗಲ್ಲುಗಳನ್ನು ಹೀಗೆ ನಿಂತು ಚಿತ್ರಿಸಿ, ನಿಂತ ಜಾಗ ಮತ್ತು ತಾರೀಖು ಬರೆದಿಡಬಹುದು. ಪಟ್ಟದಕಲ್ಲು, ಹಂಪೆಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮಾತ್ರ ಮುಕ್ಕಾಲಿ ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಮುಕ್ಕಾಲಿಯ ಬೆನ್ನೇರಿ ಬೆಳೆದ ಇಲಾಖೆಯೇ ಇಂದು ಮುಕ್ಕಾಲಿಯನ್ನು ಬಾಗಿಲಲ್ಲಿ ತಡೆಯುತ್ತದೆ!