ಗದ್ದಲವೆಂದು ಕರೆಸಿಕೊಂಡ ಸಂಗೀತದ ಬೆಂಗಳೂರು ನಂಟು

ಗುಳೇದಗುಡ್ಡದ ಹಳೆಯ ಓಣಿಗಳಲ್ಲಿ ಹಾದು ಹೋದವರಿಗೆ ಮಗ್ಗದ ಸದ್ದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕುಪ್ಪಸದ ಖಣ ನೇಯುವ ಮನೆಗಳಲ್ಲಿ ಲಾಳಿ ಅತ್ತಿಂದಿತ್ತ ಓಡುವಾಗ ಹುಟ್ಟುವ ತಾಳ ಒಂದು ಬಗೆಯದಾದರೆ, ವಿದ್ಯುತ್ ಮಗ್ಗಗಳ ಗದ್ದಲ ಇನ್ನೊಂದು ಬಗೆಯದು. ಹೊರಗಿನಿಂದ ಬಂದವನಿಗೆ ಅದು ಕಿವಿಗಡಚಿಕ್ಕುವ ಶಬ್ದ. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಆ ಸದ್ದು ನಿಂತಾಗಲೇ ಎಚ್ಚರ!

ಹೀಗೆ ಯಂತ್ರಗಳ ಸದ್ದಿನ ನಡುವೆ ಬೆಳೆದ ಹುಡುಗರು ಅದನ್ನೇ ಸಂಗೀತಕ್ಕೆ ಹತ್ತಿರ ತಂದ ಕಥೆಯೊಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ್ದು. ಅದು ಕಬ್ಬಿಣ, ತಗಡು, ಎರಕದ ಕೆಲಸಗಳ ಊರು. 1965ರಲ್ಲಿ ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ 17 ವರ್ಷದ ಟೋನಿ ಅಯೋಮಿ ಎಂಬ ಹುಡುಗ ಕೆಲಸದ ಕೊನೆಯ ದಿನವೇ ಬಲಗೈಯ ಎರಡು ಬೆರಳ ತುದಿಗಳನ್ನು ಯಂತ್ರಕ್ಕೆ ಕೊಟ್ಟುಬಿಟ್ಟ. ಆತ ಎಡಚ. ಗಿಟಾರಿನ ತಂತಿ ಒತ್ತಬೇಕಾದ ಬೆರಳುಗಳೇ ಹೋಗಿದ್ದವು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಕಟ್ಟಿದ, ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಹಾಗೆ ಹುಟ್ಟಿದ ದಪ್ಪನೆಯ, ಕತ್ತಲೆಯಂಥ ನಾದ 1970ರ ಫೆಬ್ರುವರಿಯಲ್ಲಿ ‘ಬ್ಲ್ಯಾಕ್ ಸಬಾತ್’ ತಂಡದ ಮೊದಲ ಧ್ವನಿಮುದ್ರಿಕೆಯಾಗಿ ಹೊರಬಂತು. ಹೆವಿ ಮೆಟಲ್ ಎಂಬ ಪ್ರಕಾರದ ಆರಂಭವನ್ನು ಬಹುಪಾಲು ಬರಹಗಾರರು ಗುರುತಿಸುವುದು ಇಲ್ಲಿಂದಲೇ.

ಈ ಸಂಗೀತ ಕರ್ನಾಟಕಕ್ಕೆ ಬಂದದ್ದು ಬೆಂಗಳೂರಿನ ದಂಡು ಪ್ರದೇಶದ ಬಾಗಿಲಿನಿಂದ. 1809ರಲ್ಲಿ ಬ್ರಿಟಿಷರ ಸೇನೆ ಅಲ್ಲಿ ನೆಲೆಯೂರಿದ ಮೇಲೆ ಚರ್ಚುಗಳು, ಕಾನ್ವೆಂಟುಗಳು, ಕ್ಲಬ್ಬುಗಳು ಬಂದವು. ಅವುಗಳ ಜೊತೆಗೆ ಪಿಯಾನೊ, ಗಿಟಾರ್ ಬಂದವು. ಸ್ವಾತಂತ್ರ್ಯಾನಂತರವೂ ಆ ಬಡಾವಣೆಗಳಲ್ಲಿ ಪಾಶ್ಚಾತ್ಯ ವಾದ್ಯ ನುಡಿಸುವ ಮನೆಗಳಿದ್ದವು. ಕಾಲೇಜು ಹುಡುಗರ ಕೈಯಿಂದ ಕೈಗೆ ಕ್ಯಾಸೆಟ್‌ಗಳು ಹೋಗುತ್ತಿದ್ದ ಕಾಲದಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ, ‘ಮಿಲೇನಿಯಂ’ ಎಂಬ ಮೆಟಲ್ ತಂಡ ನಗರದಲ್ಲಿ ಹೆಸರು ಮಾಡಿತ್ತು. 1991ರಲ್ಲಿ ಉಪಗ್ರಹ ಟಿವಿ ಬಂತು. ಅಲ್ಲಿಯವರೆಗೆ ಕೇಳಿದ್ದನ್ನು ಹುಡುಗರು ನೋಡತೊಡಗಿದರು.

1990ರ ದಶಕದಲ್ಲಿ ಅವರು ನೋಡಿದ್ದು ಮುಖ್ಯವಾಗಿ ಅಮೆರಿಕವನ್ನು. ಆ ಹೊತ್ತಿಗೆ ಅಲ್ಲಿ ಹಳೆಯ ಮೆಟಲ್ ಹಿಂದೆ ಸರಿದು ‘ಆಲ್ಟರ್ನೇಟಿವ್ ಮೆಟಲ್’ ಎಂಬ ಕವಲು ಮುಂದೆ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ‘ಫೇತ್ ನೋ ಮೋರ್’ ತಂಡ 1989ರ ತನ್ನ ಧ್ವನಿಮುದ್ರಿಕೆಯಲ್ಲಿ ಮೆಟಲ್ ಗಿಟಾರಿನ ಜೊತೆ ರ್‍ಯಾಪ್, ಫಂಕ್ ಎಲ್ಲವನ್ನೂ ಬೆರೆಸಿತು. ಕ್ಯಾಲಿಫೋರ್ನಿಯಾದ್ದೇ ಆದ ‘ಕಾರ್ನ್’ ತಂಡ ಅದನ್ನು ಇನ್ನಷ್ಟು ಮುಂದೆ ಒಯ್ದು, 1998ರಲ್ಲಿ ಅಮೆರಿಕದ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇ ಏರಿತು. ದಾರಿ ತೋರಿಸಿದ ‘ಫೇತ್ ನೋ ಮೋರ್’ ಮಾತ್ರ ಅದೇ 1998ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. 2009ರಲ್ಲಿ ಮತ್ತೆ ಒಂದಾಯಿತೆನ್ನುವುದು ಬೇರೆ ಮಾತು.

ಅದೇ ವರ್ಷ ಬೆಂಗಳೂರಿನಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬ ಇಬ್ಬರು ತರುಣರು ಸೇರಿ ‘ಕ್ರಿಪ್ಟೋಸ್’ ಎಂಬ ತಂಡ ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ‘ಅಡಗಿದ್ದು’ ಎಂದು ಅರ್ಥ. ಹೆಸರಿಗೆ ತಕ್ಕಂತೆ ಕೆಲವು ವರ್ಷ ಅವರು ಅಡಗಿಯೇ ಇದ್ದರೆನ್ನಬೇಕು. ಲೋಕವೆಲ್ಲ ಅಮೆರಿಕದ ಹೊಸ ಕವಲಿನ ಹಿಂದೆ ಓಡುತ್ತಿದ್ದಾಗ ಇವರು ಬೆನ್ನು ತಿರುಗಿಸಿ ‘ಜುಡಾಸ್ ಪ್ರೀಸ್ಟ್’, ‘ಐರನ್ ಮೇಡನ್’ ಮುಂತಾದ ಹಳೆಯ ಬ್ರಿಟಿಷ್ ತಂಡಗಳ ಕಡೆ ನಡೆದರು. ಎರಡು ಗಿಟಾರುಗಳು ಜೋಡಿಯಾಗಿ ಸ್ವರ ಹೆಣೆಯುವ, ಕುದುರೆ ಓಟದಂಥ ಲಯದ ಶೈಲಿ ಅದು. ಇಪ್ಪತ್ತರ ಹರೆಯದವರು ತಮ್ಮ ಕಾಲದ ಫ್ಯಾಷನ್ ಬಿಟ್ಟು ಅಣ್ಣಂದಿರ ಕಾಲದ ಸಂಗೀತ ಹಿಡಿದದ್ದು ಹಠವೋ ಮೋಹವೋ, ಹೇಳುವುದು ಕಷ್ಟ. ಆದರೆ ಅವರನ್ನು ಉಳಿಸಿದ್ದು ಅದೇ. ಫ್ಯಾಷನ್ನಿನೊಂದಿಗೆ ಬಂದ ತಂಡಗಳು ಫ್ಯಾಷನ್ನಿನೊಂದಿಗೇ ಹೋದವು.

ಆಗಿನ ಕಷ್ಟ ಇಂದಿನವರಿಗೆ ತಿಳಿಯಲಾರದು. ವೇದಿಕೆ ಹತ್ತಿದ ತಂಡದಿಂದ ಕೇಳುಗರು ಬಯಸುತ್ತಿದ್ದುದು ವಿದೇಶಿ ತಂಡಗಳ ಹೆಸರಾಂತ ಹಾಡುಗಳ ನಕಲನ್ನು. ಸ್ವಂತ ಹಾಡು ಎತ್ತಿಕೊಂಡರೆ ಸಭೆ ಚದುರುತ್ತಿತ್ತು. ಇನ್ನೊಂದು ತೊಡಕು ಹೆಸರಿನದು. ಬೆಂಗಳೂರಿನ ಪೊಲೀಸ್ ಕಡತದಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಗಿಟಾರ್ ನುಡಿಸುವವರಲ್ಲ, ಹೆಣ್ಣುಮಕ್ಕಳು ಹಾಡಿ ಕುಣಿಯುವ ಬಾರ್‌ಗಳು. ಅವುಗಳಿಗೆ ಕಡಿವಾಣ ಹಾಕಲು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡುವ ಆದೇಶ ಬಂತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದು ಆದೇಶ ಊರ್ಜಿತವಾದದ್ದು 2018ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ವಾದ್ಯ ನುಡಿಸುವವರೂ ಅದೇ ಗುಮಾನಿಯ ನೆರಳಿನಲ್ಲಿ ನಿಂತರು. ಒಂದೇ ಪದ ಇಬ್ಬರಿಗೆ ಬಿದ್ದರೆ ಆಗುವ ಫಜೀತಿ ಇದು.

ತಂಡ ಹುಟ್ಟಿ ಆರು ವರ್ಷಗಳ ಮೇಲೆ, 2004ರಲ್ಲಿ, ‘ಸ್ಪೈರಲ್ ಅಸೆಂಟ್’ ಎಂಬ ಮೊದಲ ಧ್ವನಿಮುದ್ರಿಕೆ ಬಂತು. ಎರಡನೆಯದಾದ ‘ದಿ ಆರ್ಕ್ ಆಫ್ ಜೆಮಿನಿ’ 2008ರಲ್ಲಿ. ಇವೆರಡರ ನಡುವೆ, 2007ರ ಮಾರ್ಚ್ 17ರಂದು, ‘ಐರನ್ ಮೇಡನ್’ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಭಾರತದಲ್ಲಿ ಮೊದಲ ಬಾರಿಗೆ ನುಡಿಸಿತು. ದೇಶದ ಮೂಲೆಮೂಲೆಗಳಿಂದ ಕರಿಯ ಅಂಗಿ ತೊಟ್ಟ ಹುಡುಗರು ರೈಲು ಬಸ್ಸು ಹಿಡಿದು ಬಂದರು. ಈ ಸಂಗೀತಕ್ಕೆ ಇಷ್ಟೊಂದು ಜನರಿದ್ದಾರೆಂಬುದು ಸಂಘಟಕರಿಗೂ ವಾದಕರಿಗೂ ಕಣ್ಣಾರೆ ಕಂಡದ್ದು ಅಂದು.

ಆದರೆ ದೊಡ್ಡವರನ್ನು ನೋಡಲು ನೆರೆದ ಜನ ಸಣ್ಣವರನ್ನು ಕೇಳಲು ಬರುವುದಿಲ್ಲ. ಅದಕ್ಕಾಗಿ ಕ್ರಿಪ್ಟೋಸ್ ತಾನೇ ಹೊರಗೆ ಹೋಗಬೇಕಾಯಿತು. 2010ರಲ್ಲಿ ಯುರೋಪಿನಲ್ಲಿ ಸಂಚಾರ ಕೈಗೊಂಡ ಭಾರತದ ಮೊದಲ ಮೆಟಲ್ ತಂಡವೆಂಬ ಹೆಗ್ಗಳಿಕೆ ಅದರದಾಯಿತು. 2012ರಲ್ಲಿ ‘ದಿ ಕಾಯಿಲ್ಸ್ ಆಫ್ ಅಪೋಲಿಯಾನ್’ ಬಂತು. 2013ರ ಆಗಸ್ಟ್‌ನಲ್ಲಿ ತಂಡ ಜರ್ಮನಿಯ ವಾಕನ್‌ನಲ್ಲಿ ನುಡಿಸಿತು.

ವಾಕನ್ ಎಂದರೇನೆಂದು ಬಾದಾಮಿ ಸೀಮೆಯವರಿಗೆ ಹೇಳುವುದು ಸುಲಭ. ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯನ್ನು ನೆನೆಯಬೇಕು. ತಿಂಗಳುಗಟ್ಟಲೆ ಬಯಲಿನಲ್ಲಿ ತಗಡಿನ ಥಿಯೇಟರುಗಳು ಏಳುತ್ತವೆ, ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಠಿಕಾಣಿ ಹೂಡುತ್ತವೆ, ಒಂದರ ಧ್ವನಿವರ್ಧಕ ಇನ್ನೊಂದರದನ್ನು ಮೀರಿಸಲು ನೋಡುತ್ತದೆ, ಜನ ರಾತ್ರಿಯಿಡೀ ಒಂದರಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ವಾಕನ್ ಕೂಡ ಸುಮಾರು ಎರಡು ಸಾವಿರ ಜನರ ಒಂದು ಹಳ್ಳಿ. 1990ರಲ್ಲಿ ಅಲ್ಲಿನ ಜಲ್ಲಿ ಗುಂಡಿಯೊಂದರಲ್ಲಿ ಆರು ತಂಡಗಳು ಸುಮಾರು 800 ಜನರ ಮುಂದೆ ನುಡಿಸಿದ್ದೇ ಆರಂಭ. ಈಗ ಪ್ರತಿ ವರ್ಷ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಹೊಲಗಳಲ್ಲಿ ಡೇರೆ ಹಾಕುತ್ತಾರೆ, ಮಳೆ ಬಂದರೆ ಕೆಸರಿನಲ್ಲೇ ಕುಣಿಯುತ್ತಾರೆ. ಕಂಪನಿ ನಾಟಕದವರಿಗೆ ಬನಶಂಕರಿ ಜಾತ್ರೆ ಹೇಗೋ ಮೆಟಲ್ ತಂಡಗಳಿಗೆ ವಾಕನ್ ಹಾಗೆ. ಅಲ್ಲಿ ನಿಂತು ಬಂದವರನ್ನು ಉಳಿದವರು ಲೆಕ್ಕಕ್ಕೆ ಹಿಡಿಯುತ್ತಾರೆ. ಇವರ 2016ರ ಧ್ವನಿಮುದ್ರಿಕೆ ‘ಬರ್ನ್ ಅಪ್ ದಿ ನೈಟ್’ ಅನ್ನು ಹೊರತಂದದ್ದು ಎಎಫ್‌ಎಂ ರೆಕಾರ್ಡ್ಸ್, ಅದೂ ಜರ್ಮನಿಯ ಸಂಸ್ಥೆಯೇ.

ಇಷ್ಟಾದರೂ ಕರ್ನಾಟಕದಲ್ಲಿ ಈ ತಂಡದ ಹೆಸರು ಕೇಳಿದವರು ಎಷ್ಟು ಜನ? ಹಾಡುಗಳು ಇಂಗ್ಲಿಷಿನವು ಎಂಬುದು ಒಂದು ಕಾರಣ. ಸುಮಾರು ಅದೇ ಕಾಲದಲ್ಲಿ ಮೈಸೂರಿನಲ್ಲಿ ರಘು ದೀಕ್ಷಿತ್ ‘ಅಂತರಾಗ್ನಿ’ ಕಟ್ಟಿ, ಮುಂದೆ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿ ಮನೆಮಾತಾದರು. ಕ್ರಿಪ್ಟೋಸ್ ಆ ದಾರಿ ಹಿಡಿಯಲಿಲ್ಲ. ಅದನ್ನು ದೋಷವೆಂದು ಎತ್ತಿ ತೋರಿಸುವವರು ಉಂಟು. ಆದರೆ ಧಾರವಾಡ ಸೀಮೆಗೆ ಹಿಂದುಸ್ತಾನಿ ಸಂಗೀತವೂ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ ಅಲ್ಲವೆ? ಕಿರಾಣಾದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ ಚೀಜುಗಳ ಭಾಷೆ ಕನ್ನಡವಾಗಿರಲಿಲ್ಲ. ಸವಾಯಿ ಗಂಧರ್ವರಿಂದ ಗದುಗಿನ ಭೀಮಸೇನ ಜೋಶಿಯವರಿಗೆ ಬರುವಷ್ಟರಲ್ಲಿ ಅದು ಈ ನೆಲದ್ದೇ ಆಗಿತ್ತು. ಮೆಟಲ್‌ಗೆ ಹಾಗಾದೀತೆ ಎಂದು ಈಗಲೇ ಹೇಳಲಾಗದು. ಅಲ್ಲಿ ಗುರು ಇದ್ದ, ಶಿಷ್ಯನಿದ್ದ, ಎದುರು ಕುಳಿತು ಕಲಿಯುವ ವರ್ಷಗಳಿದ್ದವು. ಇಲ್ಲಿ ಇದ್ದದ್ದು ಸವೆದುಹೋದ ಕ್ಯಾಸೆಟ್ ಮಾತ್ರ.

ಕನ್ನಡ ಒಳಗೆ ನುಸುಳಿಯೇ ಇಲ್ಲ ಎನ್ನುವಂತೆಯೂ ಇಲ್ಲ. ಸ್ಥಾಪಕರಲ್ಲೊಬ್ಬರಾದ ಗಣೇಶ್ ಕೃಷ್ಣಸ್ವಾಮಿ ಕ್ರಿಪ್ಟೋಸ್‌ನಿಂದ ಹೊರಬಂದು ಹಾಡುಗಾರನಾಗಿ ಸೇರಿದ ತಂಡದ ಹೆಸರು ‘ಬೇವಾರ್ ಸೀ’. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದ ಹೆಸರಿನಂತೆ ಕಾಣುತ್ತದೆ. ಬಾಯಿಬಿಟ್ಟು ಓದಿದ ಕನ್ನಡಿಗನಿಗೆ ಮಾತ್ರ ಅದು ಮನೆಯಲ್ಲಿ ಹಿರಿಯರಿಂದ ಕೇಳಿಸಿಕೊಂಡ ಬೈಗುಳ. 2012ರಲ್ಲಿ ಆ ತಂಡದ ಮೊದಲ ಧ್ವನಿಮುದ್ರಿಕೆ ಬಂದಾಗ ವಿದೇಶದ ಕೇಳುಗರಿಗೆ ಈ ತಮಾಷೆ ಎಷ್ಟರಮಟ್ಟಿಗೆ ತಿಳಿಯಿತೋ!

ಮೆಟಲ್ ನುಡಿಸಿ ಭಾರತದಲ್ಲಿ ಸಂಸಾರ ನಡೆಸುವುದು ಆಗದ ಮಾತು. ವಾದಕರಿಗೆ ಹಗಲಿಗೆ ಬೇರೆ ಕೆಲಸವಿರುತ್ತದೆ. ಅಭ್ಯಾಸ ಸಂಜೆಗೆ, ಶನಿವಾರ ಭಾನುವಾರಗಳಿಗೆ. ಮದುವೆ, ವರ್ಗಾವಣೆ, ವಿದೇಶದ ನೌಕರಿ ಎಂದು ಜನ ಬಿಟ್ಟುಹೋಗುತ್ತಲೇ ಇರುತ್ತಾರೆ. ಕ್ರಿಪ್ಟೋಸ್‌ನಲ್ಲೂ ಡ್ರಮ್ಮು ಬಾರಿಸುವವರು, ಬೇಸ್ ನುಡಿಸುವವರು ಬದಲಾದರು. ಗಿಟಾರ್ ಹಿಡಿದು ಹಾಡುವ ನೋಲನ್ ಲೂಯಿಸ್ ಮಾತ್ರ ಮೊದಲಿನಿಂದ ಉಳಿದವರು. ಇನ್ನೊಂದು ಗಿಟಾರಿನ ರೋಹಿತ್ ಚತುರ್ವೇದಿ ಅವರ ಬಹುಕಾಲದ ಜೊತೆಗಾರ. 2019ರಲ್ಲಿ ‘ಆಫ್ಟರ್‌ಬರ್ನರ್’, ಕೋವಿಡ್ ಕಾಲದಲ್ಲಿ ವೇದಿಕೆಗಳೆಲ್ಲ ಮುಚ್ಚಿದ್ದ ಹೊತ್ತಿನಲ್ಲೂ 2021ರಲ್ಲಿ ‘ಫೋರ್ಸ್ ಆಫ್ ಡೇಂಜರ್’ ಬಂದವು. ಏಳನೆಯದಾದ ‘ಡೆಸಿಮೇಟರ್’ 2024ರ ಜುಲೈನಲ್ಲಿ ಬಿಡುಗಡೆಯಾಯಿತು. ಅದರಲ್ಲೂ ಎರಡು ಗಿಟಾರುಗಳು 1998ರಲ್ಲಿ ಹಿಡಿದ ದಾರಿಯಲ್ಲೇ ಜೋಡಿಯಾಗಿ ನಡೆದಿವೆ.