ಬಾಣಂತನದ ಮನೆಯಿಂದ ತಾಯಿ-ಮಗುವಿನ ವಾರ್ಡಿನವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಬಸುರಿ-ಬಾಣಂತಿಯರ ಆರೈಕೆ ಬಹುಕಾಲ ತವರಿನ ಹೊಣೆಯಾಗಿತ್ತು. ಸೀಮಂತ ಮುಗಿಸಿ ಚೊಚ್ಚಲ ಬಸುರಿಯನ್ನು ಕರೆತಂದರೆ, ಹೆರಿಗೆಯಾಗಿ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಮನೆಗೆ ಕಳುಹಿಸುತ್ತಿದ್ದರು. ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದು, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಸಾಂಬ್ರಾಣಿ ಹೊಗೆ, ಮೆಣಸು-ಬೆಳ್ಳುಳ್ಳಿಯ ಸಾರು ಎಲ್ಲವೂ ಮೈಗೆ ಮಾಡುವ ಉಪಚಾರ. ಆದರೆ ರಾತ್ರಿ ಅಳುವ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರಿದ್ದರು, ಬಾಣಂತಿಗೆ ನಿದ್ದೆ ಸಿಗುತ್ತಿತ್ತು, ಹೆತ್ತವ್ವನ ಮುಂದೆ ಅಳಲು ಸಂಕೋಚವಿರಲಿಲ್ಲ. ಬಾಣಂತನದ ನಿಜವಾದ ಬಲ ಇಲ್ಲಿತ್ತು. ಸೂಲಗಿತ್ತಿಯ ಧೈರ್ಯದ ಮಾತೂ ಅದರೊಂದಿಗೆ ಸೇರುತ್ತಿತ್ತು. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸಾವಿರಾರು ಹೆರಿಗೆಗಳನ್ನು ಕೂಲಿಯಿಲ್ಲದೆ ಮಾಡಿಸಿದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಈ ಆಸರೆ ಎಲ್ಲರಿಗೂ ದಕ್ಕಲಿಲ್ಲ. ತವರಿನಲ್ಲಿ ತಾಯಿಯಿಲ್ಲದವಳು, ಕೂಲಿಯವಳು, ಎರಡು-ಮೂರನೆಯ ಹೆರಿಗೆಯವಳು ಬೇಗ ಕೆಲಸಕ್ಕೆ ಮರಳಲೇಬೇಕಿತ್ತು. ರೇಷ್ಮೆಯ ಊರಾದ ಶಿಡ್ಲಘಟ್ಟದ ಕಡೆ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಹುಳು ಬಾಣಂತಿಗಾಗಿ ಕಾಯುವುದಿಲ್ಲ. ಹೆಣ್ಣು ಹುಟ್ಟಿದ ಮನೆಯಲ್ಲಿ ಕೊಂಕು ಮಾತೂ ಕೇಳಬೇಕಿತ್ತು.

ಬುದ್ಧಿ ಕದಡಿ ಕೂಗಾಡಿದರೆ ಬಾಣಂತಿ ಸನ್ನಿ ಎಂದು ಗುರುತಿಸಿ ದೇವರಿಗೋ ಮಂತ್ರಕ್ಕೋ ಒಯ್ಯುತ್ತಿದ್ದರು. ಸದ್ದಿಲ್ಲದೆ ಮಂಕಾದವಳನ್ನು ಕಂಡವರು ಕಡಿಮೆ. ಫ್ರಾನ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ ಬಸುರಿ-ಬಾಣಂತಿಯರ ಮನಸ್ಸಿನ ಕಾಯಿಲೆಗಳ ಕುರಿತು 1858ರಲ್ಲೇ ಗ್ರಂಥ ಬರೆದಿದ್ದ. ಇತ್ತ ಚಿಕ್ಕಬಳ್ಳಾಪುರಕ್ಕೆ ಮಿಷನ್ ಆಸ್ಪತ್ರೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಮನಸ್ಸಿನ ಕಾಯಿಲೆಯ ಚಿಕಿತ್ಸೆಗೆ ಮಾತ್ರ ಬೆಂಗಳೂರಿಗೇ ಹೋಗಬೇಕಿತ್ತು.

ಅಲ್ಲಿ 1974ರಲ್ಲಿ ರೂಪುಗೊಂಡ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡ್ ತೆರೆಯಿತು. ಮನೋವೈದ್ಯೆ ಪ್ರಭಾ ಚಂದ್ರ ಈ ಸೇವೆಯನ್ನು ಕಟ್ಟಿದವರಲ್ಲಿ ಪ್ರಮುಖರು. ಮಗುವನ್ನು ಬಿಟ್ಟಿರಬೇಕೆಂಬ ಭಯದಿಂದಲೇ ಚಿಕಿತ್ಸೆ ಬೇಡವೆನ್ನುವ ತಾಯಂದಿರಿಗೆ ಇದು ದೊಡ್ಡ ಬದಲಾವಣೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳಿತು.

ಊರಿನ ಹತ್ತಿರ ನೆರವು ತರುವ ಯತ್ನಕ್ಕೆ ಕರ್ನಾಟಕವೇ ದಾರಿ ತೋರಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೂ ಅದು ಬಂತು. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 42 ದಿನಗಳೊಳಗೆ ಆರು ಸಲ ಹೋಗುವುದು ಆಶಾ ಕಾರ್ಯಕರ್ತೆಯ ಕೆಲಸ. ಮಗುವಿನ ತೂಕದ ಜೊತೆಗೆ ತಾಯಿಯ ನಿದ್ದೆ, ಅಳು, ಬೇಸರಗಳನ್ನೂ ವಿಚಾರಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಖಿನ್ನತೆ ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳು ಕನ್ನಡದಲ್ಲೂ ಇವೆ. ಆದರೆ ಈ ತಾಲ್ಲೂಕುಗಳ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿ ಆ ಪ್ರಶ್ನೆಗಳನ್ನು ತೆಲುಗಿನಲ್ಲೇ, ಅತ್ತೆ-ಗಂಡಂದಿರು ಹತ್ತಿರವಿಲ್ಲದಾಗ ಕೇಳಬೇಕಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಬಾಣಂತಿಯೂ ಅವಳ ಮನೆಯವರೂ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.