ಕಾವಲೂ ಹೆಬ್ಬಕವೂ

ಮೈಸೂರಿನ ಮೇಟಗಳ್ಳಿಯು ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಕಾರ್ಖಾನೆಗಳೂ ಬಡಾವಣೆಗಳೂ ನೋಟುಗಳನ್ನು ಅಚ್ಚುಮಾಡುವ ಮುದ್ರಣಾಲಯವೂ ಅಲ್ಲಿ ನೆಲೆಗೊಂಡಿವೆ. ನಗರವು ಬೆಳೆಯುವಾಗ ಊರಾಚೆಯ ಬಯಲನ್ನು ಬರಿಯ ಖಾಲಿ ಜಾಗವೆಂದು ಎಣಿಸುವುದು ಲೋಕರೂಢಿ. ಆದರೆ ಇದೇ ಮೈಸೂರಿನ ಅರಸರು ಒಂದು ಕಾಲದಲ್ಲಿ ಹುಲ್ಲಿನ ಬಯಲನ್ನು ರಾಜ್ಯದ ಐಶ್ವರ್ಯವೆಂದು ತಿಳಿದು ಅದಕ್ಕೆ ಕಾವಲಿಟ್ಟಿದ್ದರೆಂಬುದು ಸ್ಮರಣೀಯವಾಗಿದೆ.

ಈ ವಿವೇಕವು ನಮ್ಮ ದೇಶಕ್ಕೆ ಹೊಸದಲ್ಲ. ಗ್ರಾಮದ ಸುತ್ತಲೂ ನೂರು ಧನುಸ್ಸುಗಳಷ್ಟು ನೆಲವನ್ನು ದನಗಳಿಗಾಗಿ ಬಿಡಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಕೌಟಿಲ್ಯನು ಹುಲ್ಲುಗಾವಲಿನ ಮೇಲ್ವಿಚಾರಣೆಗೆ ವಿವೀತಾಧ್ಯಕ್ಷನೆಂಬ ಅಧಿಕಾರಿಯನ್ನೇ ಹೇಳಿದ್ದಾನೆ.

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು ದನಗಳ ಹಿಂಡುಗಳನ್ನು ಬೆಣ್ಣೆ ಚಾವಡಿಯೆಂಬ ಇಲಾಖೆಗೆ ಒಪ್ಪಿಸಿ, ಅವುಗಳಿಗಾಗಿ ಕಾವಲುಗಳನ್ನು ಗೊತ್ತುಮಾಡಿದರು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಅಮೃತಮಹಲೆಂಬ ಹೆಸರಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಹಿಂಡುಗಳು ಇಂಗ್ಲಿಷರ ವಶವಾದುವು; 1860ರಲ್ಲಿ ವಿಸರ್ಜಿತವಾಗಿ, 1866ರಲ್ಲಿ ಪುನಃ ಕೂಡಿಸಲ್ಪಟ್ಟು, 1882ರಲ್ಲಿ ಮೈಸೂರು ಸರ್ಕಾರಕ್ಕೆ ಹಿಂದಿರುಗಿದುವು. ಕಾವಲುಗಳ ವಿಸ್ತೀರ್ಣವು ಒಮ್ಮೆ ನಾಲ್ಕು ಲಕ್ಷ ಎಕರೆಗಳನ್ನು ಮೀರಿತ್ತು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂಬಂತೆ ಅವನ್ನು ವಿಂಗಡಿಸಿ ಹಿಂಡುಗಳನ್ನು ನಡೆಸುತ್ತಿದ್ದರು. ಆದಕಾರಣ ಒಂದು ಕಡೆ ಮೇದ ಹುಲ್ಲಿಗೆ ಮತ್ತೆ ಚಿಗುರಲು ಅವಕಾಶ ದೊರೆಯುತ್ತಿತ್ತು.

ಅರಸರು ಕಾದದ್ದು ದನಗಳಿಗಾಗಿ. ಆದರೆ ಕಾವಲಿನಂತಹ ತೆರೆದ ಬಯಲೇ ಹೆಬ್ಬಕದ ಮನೆ. ಎರೆಸೀಮೆಯ ರೈತರು ಇದನ್ನು ಎರೆಭೂತವೆನ್ನುತ್ತಾರೆ. ಗಂಡುಹಕ್ಕಿಯು ಸುಮಾರು ಒಂದು ಮೀಟರು ಎತ್ತರ, ಹದಿನೈದು ಕಿಲೋ ತೂಕದವರೆಗೂ ಬೆಳೆಯುತ್ತದೆ. ಇಷ್ಟು ದೊಡ್ಡ ಹಕ್ಕಿಯು ಗೂಡು ಕಟ್ಟದು, ಮರವನ್ನೂ ಆಶ್ರಯಿಸದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಮಿಡತೆ, ಜೀರುಂಡೆ, ಹಲ್ಲಿಜಾತಿಯ ಪ್ರಾಣಿಗಳು, ಬೋರೆಯ ಹಣ್ಣು ಇದರ ಆಹಾರ. ದೂರದ ಶತ್ರುವನ್ನು ಕಾಣುವಷ್ಟು ಬಯಲೂ ಮೊಟ್ಟೆಯನ್ನು ಮರೆಮಾಡುವಷ್ಟು ಹುಲ್ಲೂ ಅದಕ್ಕೆ ಬೇಕು. ಅತಿಯಾಗಿ ಮೇಯಿಸಿದರೆ ಮರೆ ಹೋಗುತ್ತದೆ. ಮರಗಳು ಮುತ್ತಿದರೆ ಬಯಲೇ ಹೋಗುತ್ತದೆ.

ಈ ಎರಡನೆಯ ಕೇಡು ಹಿತಬುದ್ಧಿಯಿಂದಲೇ ಒದಗಿತು. ಮರವಿಲ್ಲದ ನೆಲವು ಬೀಳುನೆಲವೆಂಬ ಭಾವನೆಯಿಂದ ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ಗಿಡಗಳನ್ನು ನೆಟ್ಟರು. 1974ರಲ್ಲಿ ಅಲ್ಲಿಯ 119 ಚದರ ಕಿಲೋಮೀಟರು ಪ್ರದೇಶವು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಕೃಷ್ಣಮೃಗವು ಉಳಿಯಿತು, ಹೆಬ್ಬಕವು ಅಲ್ಲಿಂದ ಕಣ್ಮರೆಯಾಯಿತು. ಚಳ್ಳಕೆರೆಯ ಕಡೆ ಸುಮಾರು ಹತ್ತು ಸಾವಿರ ಎಕರೆ ಕಾವಲು ಸುಮಾರು 2010ರ ವೇಳೆಗೆ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳ ಪಾಲಾಯಿತು. ದೇಶದಲ್ಲಿ ಈಗ ಉಳಿದಿರುವ ಹೆಬ್ಬಕಗಳು ನೂರೈವತ್ತಕ್ಕೂ ಕಡಿಮೆಯೆಂಬ ಅಂದಾಜಿದೆ. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಭೂಮಿಯಲ್ಲಿ ಈಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಾಣಿಸಿಕೊಂಡಿವೆ.

ಹಾಗಾದರೆ ದನಗಳನ್ನು ಹೊರಡಿಸಿದರೆ ಹಕ್ಕಿಯು ಉಳಿದೀತೇ? ಅಮೆರಿಕದ ಅನುಭವವು ಬೇರೆ ದಾರಿಯನ್ನು ತೋರಿಸುತ್ತದೆ. ಅಲ್ಲಿಯ ಪಶ್ಚಿಮ ಸೀಮೆಯಲ್ಲಿ ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಪೊದೆಗಿಡಗಳ ವಿಸ್ತಾರವಾದ ಬಯಲುಗಳಿವೆ. ಸೇಜ್ ಗ್ರೌಸ್ ಎಂಬ ಹಕ್ಕಿಯು ಚಳಿಗಾಲದಲ್ಲಿ ಆ ಎಲೆಗಳನ್ನೇ ತಿಂದು ಜೀವಿಸುತ್ತದೆ. ಮರಿಗಳಿಗಾದರೋ ಹುಲ್ಲಿನ ನಡುವಿನ ಹುಳುಗಳು ಬೇಕು. ದನಗಳು ಮೇಯುವುದೂ ಅಲ್ಲಿಯೇ. ಆ ಹಕ್ಕಿಯನ್ನು ಅಪಾಯಗ್ರಸ್ತ ಜೀವಿಗಳ ಪಟ್ಟಿಗೆ ಸೇರಿಸುವ ಅಗತ್ಯವಿಲ್ಲವೆಂದು 2015ರಲ್ಲಿ ಅಲ್ಲಿಯ ಸರ್ಕಾರವು ನಿರ್ಣಯಿಸಿದಾಗ, ದನಗಾರರು ತಮ್ಮ ಭೂಮಿಗಳಲ್ಲಿ ಕೈಕೊಂಡ ರಕ್ಷಣೆಯನ್ನೂ ಒಂದು ಕಾರಣವಾಗಿ ಎಣಿಸಿತು. ನಿರ್ಣಯದ ವಿಷಯದಲ್ಲಿ ವಿವಾದಗಳಿದ್ದರೂ, ಮೇವಿಗೆ ಮಿತಿಯಿದ್ದರೆ ದನವೂ ಹಕ್ಕಿಯೂ ಒಂದೇ ಬಯಲಿನಲ್ಲಿ ಬಾಳಬಹುದೆಂಬ ತತ್ತ್ವವು ಗ್ರಾಹ್ಯವಾದುದು. ಋತುವಿಗೆ ತಕ್ಕಂತೆ ಹಿಂಡನ್ನು ನಡೆಸಿದ ಬೆಣ್ಣೆ ಚಾವಡಿಯವರು ಆ ಮಿತಿಯನ್ನು ಅರಿತಿದ್ದರು.

ಸಂಸ್ಕೃತದಲ್ಲಿ ಗೋಚರವೆಂದರೆ ಹಸುಗಳು ಚರಿಸುವ ನೆಲ. ಕಣ್ಣಿಗೆ ಕಾಣುವುದೆಂಬ ಅರ್ಥವು ಅದರಿಂದಲೇ ಬೆಳೆದು ಬಂದುದು. ಬಯಲನ್ನು ಖಾಲಿಯೆಂದು ಬರೆದುಕೊಂಡವರ ಕಣ್ಣಿಗೆ ಅಲ್ಲಿಯ ಹಕ್ಕಿಯು ಬೀಳಲಿಲ್ಲ. ಗೋಚರವು ಅಳಿದಲ್ಲಿ ಹೆಬ್ಬಕವು ಅಗೋಚರವಾಗುವುದು ಸಹಜವೇ ಸರಿ.